ಪಾಲಿಯೆಸ್ಟರ್ ಅಚ್ಚಿಗೆ ಹೊಸ ಹೆಟೆರೋಸೈಕ್ಲಿಕ್ ಡೈ: ಫ್ಲಾಸ್ಕಿನಿಂದ ಬಟ್ಟೆಯವರೆಗೆ

ಪಾಲಿಯೆಸ್ಟರ್ ಬಟ್ಟೆಯ ಅಚ್ಚಿಗೆಂದು ಹೊಸ ಡೈ ಮಾಡಹೊರಟವರ ಕಣ್ಣು ಮೊದಲು ಹೋಗುವುದು ಬಣ್ಣದ ಹೊಳಪಿನ ಮೇಲೆ. ಆದರೆ ಅಚ್ಚಿನ ಡೈ ಹೆಚ್ಚಾಗಿ ಸೋಲುವುದು ಬಣ್ಣ ಬೀಳಬಾರದ ಜಾಗದಲ್ಲಿ. ಇಡೀ ಬಟ್ಟೆಯನ್ನು ಅದ್ದಿ ಬಣ್ಣ ಕಟ್ಟಿದರೆ ಮೇಲ್ಮೈಯಲ್ಲಿ ಉಳಿದ ಒಂದಿಷ್ಟು ಡೈ ಯಾರ ಗಮನಕ್ಕೂ ಬರುವುದಿಲ್ಲ. ಅಚ್ಚಿನಲ್ಲಿ ಕೆಂಪು ಹೂವಿನ ಪಕ್ಕದಲ್ಲೇ ಬಿಳಿ ನೆಲವಿರುತ್ತದೆ. ತೊಳೆಯುವಾಗ ನೀರಿಗೆ ಬಿಟ್ಟ ಡೈ ಆ ಬಿಳಿಯ ಮೇಲೆ ಮತ್ತೆ ಕೂತರೆ ಬಟ್ಟೆ ಎರಡನೇ ದರ್ಜೆಗೆ ಇಳಿಯುತ್ತದೆ. ಹಾಗಾಗಿ ಅಣುವಿನ ರಚನೆಯನ್ನು ಕಾಗದದ ಮೇಲೆ ಬರೆಯುವಾಗಲೇ ಅದು ತೊಳೆಯುವ ತೊಟ್ಟಿಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ಎರಡು ಡೈಗಳ ತಯಾರಿಕೆ ಇದೆ. ಎರಡೂ ಅಜೋ ಡೈಗಳು, ಅಂದರೆ ಎರಡು ಸಾರಜನಕಗಳ ಸೇತುವೆ ಎರಡು ತುಂಡುಗಳನ್ನು ಕೂಡಿಸಿದಂಥವು. ಒಂದು ತುಂಡು ಡಯಜೋ ಘಟಕವೆಂಬ ಅಮೈನ್, ಇನ್ನೊಂದು ಕಪ್ಲರ್. ಅಮೈನನ್ನು ನೈಟ್ರೈಟಿನಿಂದ ಡಯಜೋನಿಯಂ ಮಾಡುವುದು ಡಯಜೋಟೈಸೇಷನ್, ಅದನ್ನು ಕಪ್ಲರಿಗೆ ಕೂಡಿಸುವುದು ಕಪ್ಲಿಂಗ್. ಉಂಗುರದಲ್ಲಿ ಇಂಗಾಲದ ಜೊತೆ ಗಂಧಕ, ಸಾರಜನಕದಂಥ ಬೇರೆ ಪರಮಾಣು ಇದ್ದರೆ ಅದು ಹೆಟೆರೋಸೈಕ್ಲಿಕ್. ಒಂದು ಕೆಂಪು: ಬೆಂಜೋಥಯಜೋಲ್ ಅಜೋ ಡೈ, ಕಪ್ಲರಿನ ಕಡೆ ಎರಡು ಮಿಥೈಲ್ ಎಸ್ಟರ್ ಗುಂಪುಗಳಿರುವಂಥದ್ದು. ಇನ್ನೊಂದು ಹಳದಿ: ಪಿರಿಡೋನ್ ಡೈ. ಎರಡರದೂ 10 ಮಿಲಿಮೋಲ್ ಅಳತೆ. ಒಳ್ಳೆಯ ಫ್ಯೂಮ್ ಹುಡ್ ಇರುವ, ಡಯಜೋಟೈಸೇಷನ್ ಮಾಡಿ ಕೈ ಪಳಗಿರುವ ಪ್ರಯೋಗಾಲಯಕ್ಕೆ ಮಾತ್ರ ಈ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

ಅಣುವನ್ನು ಆರಿಸುವುದು

ಪಾಲಿಯೆಸ್ಟರಿಗೆ ಬೇಕಾಗುವುದು ಡಿಸ್ಪರ್ಸ್ ಡೈ. ನೀರಿನಲ್ಲಿ ಬಹುತೇಕ ಕರಗದ, ವಿದ್ಯುದಾವೇಶವಿಲ್ಲದ ಸಣ್ಣ ಅಣು ಅದು. ಬಿಸಿಗೆ ನೂಲಿನ ಪಾಲಿಮರ್ ಸಡಿಲವಾದಾಗ ಒಳಗೆ ಇಳಿಯುತ್ತದೆ. ಬೆಂಜೀನ್ ಉಂಗುರದ ಅಜೋ ಡೈಗಳಿಂದಲೂ ಈ ಕೆಲಸ ನಡೆಯುತ್ತದೆ. ಆದರೆ ಡಯಜೋ ಕಡೆಗೆ ಥಯಜೋಲ್, ಬೆಂಜೋಥಯಜೋಲ್ ಅಥವಾ ಥಯೋಫೀನ್ ಉಂಗುರ ತಂದರೆ ಅದೇ ಗಾತ್ರದ ಅಣುವಿನಲ್ಲಿ ಬಣ್ಣ ಕಿತ್ತಳೆಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ ಸರಿಯುತ್ತದೆ. ಗಂಧಕವಿರುವ ಈ ಉಂಗುರಗಳು ಎಲೆಕ್ಟ್ರಾನನ್ನು ಬಲವಾಗಿ ಎಳೆಯುವುದೇ ಕಾರಣ. ಬಣ್ಣದ ಗಾಢತೆಯಲ್ಲೂ ಲಾಭವಿದೆ. ಆಂತ್ರಕ್ವಿನೋನ್ ಡೈಗಳ ಮೋಲಾರ್ ಹೀರಿಕೆ ಗುಣಾಂಕ ಸಾಮಾನ್ಯವಾಗಿ 10,000–15,000ದ ಆಸುಪಾಸಿನಲ್ಲಿದ್ದರೆ, ಹೆಟೆರೋಸೈಕ್ಲಿಕ್ ಅಜೋ ಡೈಗಳಲ್ಲಿ 40,000 ದಾಟುವುದು ಮಾಮೂಲು. ಕಡಿಮೆ ಡೈಯಲ್ಲಿ ಅದೇ ಬಣ್ಣ ಬಂದರೆ ತೊಳೆದು ಹೋಗಬೇಕಾದ ಮಿಕ್ಕ ಡೈಯೂ ಕಡಿಮೆ.

ಗಾತ್ರದ ವಿಷಯದಲ್ಲಿ ಅತಿಯಾಸೆ ಬೇಡ. ಅಣುತೂಕ 300ಕ್ಕಿಂತ ಕೆಳಗಿದ್ದರೆ ಡೈ ಬೇಗ ನೂಲಿನೊಳಗೆ ಹೋಗುತ್ತದೆ, ಅಷ್ಟೇ ಬೇಗ 180–200° ಸೆ. ಬಿಸಿಗೆ ಆವಿಯಾಗಿ ಪಕ್ಕದ ಬಿಳಿಗೆ ಹಾರುತ್ತದೆ. 500 ದಾಟಿದರೆ ಎಂಟು ನಿಮಿಷದ ಆವಿಯಲ್ಲಿ ಅರ್ಧ ಡೈ ಮೇಲೆಯೇ ಉಳಿಯುವ ಭಯ. 380ರಿಂದ 480ರ ನಡುವೆ ಇಟ್ಟುಕೊಳ್ಳುವುದು ಕ್ಷೇಮ.

ಡಯಜೋ ಘಟಕಕ್ಕೆ 2-ಅಮೈನೋ-6-ನೈಟ್ರೋಬೆಂಜೋಥಯಜೋಲ್ ತೆಗೆದುಕೊಳ್ಳೋಣ. ಮಾರುಕಟ್ಟೆಯಲ್ಲಿರುವ ಸಿ.ಐ. (ಕಲರ್ ಇಂಡೆಕ್ಸ್) ಡಿಸ್ಪರ್ಸ್ ರೆಡ್ 177 ಇದೇ ಅಮೈನಿನಿಂದ ಬಂದದ್ದು. ಅದರ ಕಪ್ಲರಿನಲ್ಲಿ ಒಂದು ಸಯನೋಇಥೈಲ್, ಒಂದು ಅಸಿಟಾಕ್ಸಿಇಥೈಲ್ ಇವೆ. ನಾವು ಕಪ್ಲರಿನ ಸಾರಜನಕದ ಮೇಲೆ ಎರಡು ಮಿಥಾಕ್ಸಿಕಾರ್ಬೊನಿಲ್‌ಇಥೈಲ್ ಬಾಲಗಳನ್ನು ಕೂರಿಸುತ್ತೇವೆ. ಕಾರಣ ತೊಳೆಯುವ ಹಂತದಲ್ಲಿದೆ. ಬಿಸಿ ಕ್ಷಾರ ಸೋಕಿದ ಕೂಡಲೇ ಎಸ್ಟರ್ ಒಡೆದು ಕಾರ್ಬಾಕ್ಸಿಲೇಟ್ ಆಗುತ್ತದೆ, ಡೈ ನೀರಿನಲ್ಲಿ ಕರಗುತ್ತದೆ, ಪಾಲಿಯೆಸ್ಟರಿನ ಮೇಲಿನ ಮೋಹ ಕಳೆದುಕೊಳ್ಳುತ್ತದೆ. ನೂಲಿನೊಳಗೆ ಸೇರಿದ ಡೈಗೆ ಮಾತ್ರ ಕ್ಷಾರ ತಲುಪುವುದಿಲ್ಲ, ಏಕೆಂದರೆ ಪಾಲಿಯೆಸ್ಟರ್ ನೀರನ್ನು ಒಳಗೆ ಬಿಟ್ಟುಕೊಳ್ಳುವುದು ತೀರ ಕಡಿಮೆ. ಐಸಿಐ ಕಂಪನಿಯ ಡಿಸ್ಪರ್ಸಾಲ್ ಪಿಸಿ ಸಾಲಿನ ಡೈಗಳು ಇದೇ ಉಪಾಯದ ಮೇಲೆ ನಿಂತಿದ್ದವು. ಹೊಸತನ ಬರಬೇಕಾದದ್ದು ಉಂಗುರದ ಮೇಲಿನ ಬದಲಿ ಗುಂಪುಗಳಲ್ಲಿ ಮತ್ತು ಎಸ್ಟರ್ ಬಾಲದ ಉದ್ದದಲ್ಲಿ.

ಕೆಲಸ ಶುರುಮಾಡುವ ಮುನ್ನ ಎರಡು ತಪಾಸಣೆ. ಅಣು ನಿಜಕ್ಕೂ ಹೊಸದೇ ಎಂದು ತಿಳಿಯಲು ರಚನೆಯ ಚಿತ್ರ ಬರೆದೇ ಹುಡುಕಿ. ಹೆಸರಿನಿಂದ ಹುಡುಕಿದರೆ ಪೇಟೆಂಟುಗಳಲ್ಲಿ ಕೋಷ್ಟಕದ ಒಂದು ಸಾಲಾಗಿ ಅಡಗಿರುವ ಡೈ ಕೈತಪ್ಪುತ್ತದೆ. ಎರಡನೆಯದು, ಅಜೋ ಬಂಧ ಮುರಿದಾಗ ಯಾವ ಅಮೈನ್ ಹೊರಬರುತ್ತದೆ ಎಂದು ನೋಡಿ. ಐರೋಪ್ಯ ಒಕ್ಕೂಟದ ರೀಚ್ ಎಂಬ ರಾಸಾಯನಿಕ ಸುರಕ್ಷತೆಯ ನಿಯಮ ಪಟ್ಟಿ ಮಾಡಿರುವ 22 ಅಮೈನ್‌ಗಳಲ್ಲಿ ಯಾವುದೇ ಒಂದು ಬಟ್ಟೆಯಲ್ಲಿ ಕಿಲೋಗೆ 30 ಮಿ.ಗ್ರಾಂ ಮೀರುವಂತಿಲ್ಲ. ಆರ್ಥೋ-ಟೊಲುಯಿಡಿನ್, ಆರ್ಥೋ-ಅನಿಸಿಡಿನ್, ಪ್ಯಾರಾ-ಕ್ಲೋರೋಅನಿಲಿನ್ ಮೂರೂ ಆ ಪಟ್ಟಿಯಲ್ಲಿವೆ. ಬಣ್ಣ ಎಷ್ಟೇ ಚೆನ್ನಾಗಿದ್ದರೂ ಅವನ್ನು ಡಯಜೋ ಘಟಕವಾಗಿ ಮುಟ್ಟಬೇಡಿ. ಡಿಸ್ಪರ್ಸ್ ಬ್ಲೂ 106 ಮತ್ತು 124 ಎಂಬ ನೈಟ್ರೋಥಯಜೋಲ್ ಡೈಗಳು ಚರ್ಮದ ಅಲರ್ಜಿಗೆ ಹೆಸರಾಗಿವೆ. ಆದ್ದರಿಂದ ಅವುಗಳ ಹತ್ತಿರದ ಬಂಧುಗಳನ್ನು ಮಾಡುವವರು ಒಣ ಪುಡಿಯನ್ನು ಕೈಗವಸು, ಮುಖಗವಸು ಇಲ್ಲದೆ ತೂಗಬಾರದು.

ಕಪ್ಲರ್: ಡೈಎಸ್ಟರ್ ಅನಿಲಿನ್

ಹೊಸದಾಗಿ ಬಟ್ಟಿ ಇಳಿಸಿದ ಅನಿಲಿನ್ 9.3 ಗ್ರಾಂ (0.1 ಮೋಲ್), ಮಿಥೈಲ್ ಅಕ್ರಿಲೇಟ್ 25.8 ಗ್ರಾಂ (0.3 ಮೋಲ್), ಗ್ಲೇಶಿಯಲ್ ಅಸಿಟಿಕ್ ಆಮ್ಲ 12 ಮಿ.ಲೀ., ಕ್ಯೂಪ್ರಸ್ ಕ್ಲೋರೈಡ್ 1 ಗ್ರಾಂ, ಜೊತೆಗೆ ಹೈಡ್ರೋಕ್ವಿನೋನ್ 0.1 ಗ್ರಾಂ. ಹೈಡ್ರೋಕ್ವಿನೋನ್ ಮರೆತರೆ ಅಕ್ರಿಲೇಟ್ ತನಗೆ ತಾನೇ ಪಾಲಿಮರ್ ಆಗಿ ಫ್ಲಾಸ್ಕಿನಲ್ಲಿ ಅಂಟು ಉಳಿಯುತ್ತದೆ. ನೈಟ್ರೋಜನ್ ಅಡಿಯಲ್ಲಿ ರಿಫ್ಲಕ್ಸ್ ಮಾಡಿ, ಅಂದರೆ ಆವಿ ತಣಿದು ಮರಳಿ ಫ್ಲಾಸ್ಕಿಗೆ ಬೀಳುವಂತೆ ಕುದಿಸಿ. ಮೊದಲ ಅಕ್ರಿಲೇಟ್ ಕೆಲವೇ ಗಂಟೆಯಲ್ಲಿ ಸೇರುತ್ತದೆ, ಎರಡನೆಯದು ನಿಧಾನ. ಒಂದೆರಡು ದಿನ ಹಿಡಿಯಬಹುದು. ಗಡಿಯಾರ ನೋಡುವ ಬದಲು ಟಿಎಲ್‌ಸಿ (ತೆಳುಪದರ ಕ್ರೊಮಟೋಗ್ರಫಿ) ನೋಡಿ: ಸಿಲಿಕಾ ಫಲಕ, ಟೊಲೀನ್–ಇಥೈಲ್ ಅಸಿಟೇಟ್ 4:1. ಒಂದೇ ಬಾಲವಿರುವ ಮಧ್ಯಂತರದ ಚುಕ್ಕೆ ಮಾಯವಾಗುವವರೆಗೆ ಬಿಡಿ. ಅಕ್ರಿಲೇಟ್ ತೀರಿದಂತೆ ಕಂಡರೆ ಇನ್ನೊಂದು 4–5 ಗ್ರಾಂ ಸೇರಿಸಿ.

ಮಿಕ್ಕ ಅಕ್ರಿಲೇಟ್ ಮತ್ತು ಆಮ್ಲವನ್ನು ನಿರ್ವಾತದಲ್ಲಿ ತೆಗೆಯಿರಿ. ಉಳಿದ ಎಣ್ಣೆಯನ್ನು ಇಥೈಲ್ ಅಸಿಟೇಟಿನಲ್ಲಿ ಕರಗಿಸಿ, ತಣ್ಣನೆಯ ತೆಳು ಅಮೋನಿಯಾದಿಂದ ಬೇಗಬೇಗನೆ ತೊಳೆಯಿರಿ. ತಾಮ್ರ ನೀಲಿ ಬಣ್ಣವಾಗಿ ನೀರಿನ ಪದರಕ್ಕೆ ಇಳಿಯುತ್ತದೆ. ನೀಲಿ ಬರುವುದು ನಿಂತ ಮೇಲೆ ಎರಡು ಸಲ ನೀರಿನಿಂದ ತೊಳೆದು, ಸೋಡಿಯಂ ಸಲ್ಫೇಟಿನಿಂದ ಒಣಗಿಸಿ, ದ್ರಾವಕ ಹಾರಿಸಿ. ಸಿಗುವುದು ತಿಳಿ ಹಳದಿ ಎಣ್ಣೆ, ಅಣುತೂಕ 265.3.

ಒಂಟಿ ಬಾಲದ ಮಧ್ಯಂತರ ಇದರಲ್ಲಿ ಉಳಿದರೆ ನಷ್ಟ ಬಣ್ಣದಲ್ಲಷ್ಟೇ ಅಲ್ಲ. ಅದು ದ್ವಿತೀಯ ಅಮೈನ್. ನೈಟ್ರಸ್ ಆಮ್ಲ ಸಿಕ್ಕರೆ ನೈಟ್ರೋಸಮೈನ್ ಆಗುತ್ತದೆ. ನೈಟ್ರೋಸಮೈನ್‌ಗಳಲ್ಲಿ ಬಹಳಷ್ಟು ಕ್ಯಾನ್ಸರ್ ತರುವಂಥವು. ಆದ್ದರಿಂದ ಎಣ್ಣೆ ಶುದ್ಧವಾಗಿಲ್ಲದಿದ್ದರೆ ಸಿಲಿಕಾ ಕಾಲಂ ಹಾಯಿಸಿಯೇ ಮುಂದುವರಿಯಿರಿ.

ಡಯಜೋಟೈಸೇಷನ್

ಅನಿಲಿನ್‌ಗೆ ಮಾಡುವಂತೆ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇದು ನಡೆಯುವುದಿಲ್ಲ. ನೈಟ್ರೋಬೆಂಜೋಥಯಜೋಲಿನ ಅಮೈನ್ ತೀರ ದುರ್ಬಲ ಕ್ಷಾರ. ತೆಳು ಆಮ್ಲದಲ್ಲಿ ಕರಗುವುದೂ ಇಲ್ಲ, ಆದಷ್ಟು ಡಯಜೋನಿಯಂ ನೀರಿನೊಡನೆ ಸೇರಿ ಹಾಳಾಗುತ್ತದೆ, ಅಥವಾ ಉಳಿದ ಅಮೈನಿನ ಜೊತೆಯೇ ಕೂಡಿಕೊಳ್ಳುತ್ತದೆ. ಹಾಗಾಗಿ ನೈಟ್ರೋಸಿಲ್ ಸಲ್ಫ್ಯೂರಿಕ್ ಆಮ್ಲ ಬೇಕು.

98% ಸಲ್ಫ್ಯೂರಿಕ್ ಆಮ್ಲ 8 ಮಿ.ಲೀ.ಯನ್ನು 100 ಮಿ.ಲೀ. ಮೂರು ಕತ್ತಿನ ಫ್ಲಾಸ್ಕಿನಲ್ಲಿ 10° ಸೆ.ಗಿಂತ ಕೆಳಗೆ ತಂಪು ಮಾಡಿ. ಒಣಗಿದ, ನುಣ್ಣಗೆ ಪುಡಿ ಮಾಡಿದ ಸೋಡಿಯಂ ನೈಟ್ರೈಟ್ 0.72 ಗ್ರಾಂ (10.4 ಮಿಲಿಮೋಲ್) ಚಿಟಿಕೆ ಚಿಟಿಕೆಯಾಗಿ ಹಾಕಿ. ಕಂದು ಹೊಗೆ ಎದ್ದರೆ ವೇಗ ಹೆಚ್ಚಾಯಿತು ಎಂದರ್ಥ. ಆ ಹೊಗೆಯಾಗಿ ಹೋದ ನೈಟ್ರೈಟ್ ಮರಳಿ ಬರುವುದಿಲ್ಲ, ಕೊನೆಗೆ ಇಳುವರಿಯಲ್ಲಿ ಅಷ್ಟು ಕಡಿಮೆಯಾಗುತ್ತದೆ. ಎಲ್ಲ ಹಾಕಿದ ಮೇಲೆ ನಿಧಾನವಾಗಿ 65–70° ಸೆ.ಗೆ ಏರಿಸಿ, ದ್ರಾವಣ ತಿಳಿಯಾಗುವವರೆಗೆ ಇಟ್ಟು, ಮತ್ತೆ 5° ಸೆ.ಗೆ ಇಳಿಸಿ.

ಈಗ ಅಸಿಟಿಕ್ ಮತ್ತು ಪ್ರೊಪಿಯೋನಿಕ್ ಆಮ್ಲಗಳ 5:1 ಮಿಶ್ರಣ 15 ಮಿ.ಲೀ.ಯನ್ನು ಹನಿಹನಿಯಾಗಿ ಬಿಡಿ. ಉಷ್ಣತೆ 15° ಸೆ. ಮೀರಬಾರದು. ಅಸಿಟಿಕ್ ಆಮ್ಲವೊಂದನ್ನೇ ಹಾಕಿದರೆ ಅದು 16.6° ಸೆ.ನಲ್ಲೇ ಹೆಪ್ಪುಗಟ್ಟುವುದರಿಂದ ಹನಿ ಬಿಡುವ ಕೊಳವೆಯ ತುದಿಯಲ್ಲಿ ಗಟ್ಟಿಯಾಗುತ್ತದೆ, ಫ್ಲಾಸ್ಕಿನ ಗೋಡೆಯಲ್ಲೂ ಮೆತ್ತಿಕೊಳ್ಳುತ್ತದೆ. ಪ್ರೊಪಿಯೋನಿಕ್ ಆಮ್ಲ ಇರುವುದು ಅದನ್ನು ತಪ್ಪಿಸಲು. ಈ ಮಿಶ್ರಣ ಅಮೈನನ್ನು ಕರಗಿಸಿಡುವ ಕೆಲಸವನ್ನೂ ಮಾಡುತ್ತದೆ.

0–5° ಸೆ.ಗೆ ಇಳಿಸಿ, 2-ಅಮೈನೋ-6-ನೈಟ್ರೋಬೆಂಜೋಥಯಜೋಲ್ 1.95 ಗ್ರಾಂ (10 ಮಿಲಿಮೋಲ್) ಅರ್ಧ ಗಂಟೆಯಲ್ಲಿ ಕಂತುಕಂತಾಗಿ ಸೇರಿಸಿ. ಕೊಂಡು ತಂದ ಅಮೈನಿನ ಕರಗುವ ಬಿಂದು 247–249° ಸೆ. ಇರಬೇಕು, ಅದಕ್ಕಿಂತ ಬಹಳ ಕೆಳಗಿದ್ದರೆ ನೈಟ್ರೋ ಬೇರೆ ಜಾಗದಲ್ಲಿ ಕೂತ ಸೋದರ ಅಣುಗಳು ಅಥವಾ ನೈಟ್ರೋ ಹೊಂದದ ಅಮೈನ್ ಬೆರೆತಿದೆ, ಬಣ್ಣ ಮಂಕಾಗುತ್ತದೆ. ಅಮೈನ್ ಗಂಟುಗಳಾಗಿ ಬಿದ್ದರೆ ಗಂಟಿನ ಹೊರಪದರ ಮಾತ್ರ ಡಯಜೋಟೈಸ್ ಆಗಿ ಒಳಗಿನದು ಹಾಗೇ ಉಳಿಯುತ್ತದೆ. ಖಲ್ಲಿನಲ್ಲಿ ಅರೆದು ಜರಡಿ ಹಿಡಿದು ಹಾಕಿದರೆ ಈ ತೊಂದರೆ ಇಲ್ಲ. ಎರಡು ಗಂಟೆ ಕಲಕಿ.

ನೈಟ್ರೈಟ್ ಉಳಿದಿದೆಯೇ ಎಂದು ಸ್ಟಾರ್ಚ್-ಅಯೋಡೈಡ್ ಕಾಗದದಿಂದ ನೋಡುವಾಗ ಆಮ್ಲದ ಹನಿಯನ್ನು ನೇರವಾಗಿ ಕಾಗದಕ್ಕೆ ಮುಟ್ಟಿಸಬೇಡಿ. ಗಟ್ಟಿ ಸಲ್ಫ್ಯೂರಿಕ್ ಆಮ್ಲ ಕಾಗದವನ್ನೇ ಕರಕಲು ಮಾಡಿ ಸುಳ್ಳು ಕಪ್ಪು ತೋರಿಸುತ್ತದೆ. ಒಂದು ಹನಿಯನ್ನು ಒಂದು ಚಮಚ ಮಂಜುನೀರಿಗೆ ಬಿಟ್ಟು, ಆ ನೀರನ್ನು ಕಾಗದಕ್ಕೆ ಮುಟ್ಟಿಸಿ. ತೆಳು ನೀಲಿ ಬಂದರೆ ಸರಿ. ಈ ದ್ರಾವಣವನ್ನು ಕೂಡಿಡುವಂತಿಲ್ಲ, ಡಯಜೋನಿಯಂ ಲವಣವನ್ನು ಒಣಗಿಸಿ ತೆಗೆಯುವ ಯೋಚನೆಯಂತೂ ಬೇಡವೇ ಬೇಡ, ಸ್ಫೋಟಿಸಬಹುದು. ಕಪ್ಲರಿನ ತೊಟ್ಟಿ ಮೊದಲೇ ಸಿದ್ಧವಿರಲಿ.

ಕಪ್ಲಿಂಗ್

1 ಲೀಟರ್ ಬೀಕರಿನಲ್ಲಿ ಕಪ್ಲರ್ 2.65 ಗ್ರಾಂ (10 ಮಿಲಿಮೋಲ್) ಅನ್ನು 40 ಮಿ.ಲೀ. ಮಿಥನಾಲಿನಲ್ಲಿ ಕರಗಿಸಿ. ಇಥನಾಲ್ ಬಳಸಬೇಡಿ, ಆಮ್ಲದ ಜೊತೆ ಮಿಥೈಲ್ ಎಸ್ಟರ್ ಒಂದಿಷ್ಟು ಇಥೈಲ್ ಎಸ್ಟರಾಗಿ ಬದಲಾಗಿ ಟಿಎಲ್‌ಸಿಯಲ್ಲಿ ಮೂರು ಅಂಟಿಕೊಂಡ ಚುಕ್ಕೆಗಳು ಬಂದರೆ ಬೇರ್ಪಡಿಸುವುದು ತಲೆನೋವು. ಸಲ್ಫಾಮಿಕ್ ಆಮ್ಲ 0.2 ಗ್ರಾಂ ಹಾಕಿ. ಉಳಿದ ನೈಟ್ರೈಟನ್ನು ಇದು ನೈಟ್ರೋಜನ್ ಅನಿಲವಾಗಿಸಿ ಕಳೆಯುತ್ತದೆ, ಹಾಗಾಗಿ ನೊರೆ ಏಳುತ್ತದೆ. ಬೀಕರ್ ದೊಡ್ಡದಿರಬೇಕು ಎಂದದ್ದು ಅದಕ್ಕೇ. 150 ಗ್ರಾಂ ಮಂಜುಗಡ್ಡೆ ಸೇರಿಸಿ, ಜೋರಾಗಿ ಕಲಕುತ್ತಾ ಡಯಜೋ ದ್ರಾವಣವನ್ನು ಇಪ್ಪತ್ತು ನಿಮಿಷದಲ್ಲಿ ಬಿಡಿ. ಮೊದಲ ಹನಿಗಳಿಗೇ ಬೀಕರ್ ಕಡುಗೆಂಪಾಗುತ್ತದೆ. ಆಮ್ಲ ಇಷ್ಟಿದ್ದಾಗ ಕಾಣುವ ಬಣ್ಣವನ್ನು ನಂಬಬೇಡಿ; ಪ್ರೋಟಾನ್ ಸೇರಿದ ಡೈಯ ಬಣ್ಣವೇ ಬೇರೆ.

ಹೊಸಬರು ಎಡವುವುದು ಮುಂದಿನ ಹೆಜ್ಜೆಯಲ್ಲಿ. 8 ಮಿ.ಲೀ. ಸಲ್ಫ್ಯೂರಿಕ್ ಆಮ್ಲ ಎಂದರೆ ಸುಮಾರು 0.147 ಮೋಲ್, ಆಮ್ಲದ ಲೆಕ್ಕದಲ್ಲಿ ಅದರ ಎರಡರಷ್ಟು. ಎರಡು ಚಮಚ ಸೋಡಿಯಂ ಅಸಿಟೇಟ್ ಉದುರಿಸಿದರೆ ಏನೂ ಆಗದು. ಟ್ರೈಹೈಡ್ರೇಟ್ ರೂಪದ್ದಾದರೆ 30ರಿಂದ 40 ಗ್ರಾಂ ಬೇಕು. ಗಟ್ಟಿ ದ್ರಾವಣ ಮಾಡಿಕೊಂಡು ನಿಧಾನವಾಗಿ ಸುರಿಯುತ್ತಾ ಪಿಎಚ್ 3–4ಕ್ಕೆ ತನ್ನಿ, ಉಷ್ಣತೆ 5° ಸೆ. ದಾಟಿದರೆ ಇನ್ನಷ್ಟು ಮಂಜು ಹಾಕಿ. ಪಿಎಚ್ ಏರಿಸದೆ ಬಿಟ್ಟರೆ ಕಪ್ಲರಿನ ಸಾರಜನಕ ಪ್ರೋಟಾನ್ ಹಿಡಿದುಕೊಂಡು ಕೂತು ಕಪ್ಲಿಂಗ್ ಅರ್ಧಕ್ಕೇ ನಿಲ್ಲುತ್ತದೆ. ಒಮ್ಮೆಗೇ 7ಕ್ಕೆ ಏರಿಸಿದರೆ ಡಯಜೋನಿಯಂ ಒಡೆದು ಕಂದು ಡಾಂಬರು ತೇಲುತ್ತದೆ.

ಮುಗಿಯಿತೇ ಎಂದು ತಿಳಿಯಲು ಹಳೆಯ ಚುಕ್ಕೆ ಪರೀಕ್ಷೆಯೇ ಸಾಕು. ಒಂದು ಹನಿಯನ್ನು ಶೋಧಕ ಕಾಗದದ ಮೇಲಿಡಿ. ಡೈ ನಡುವೆ ನಿಲ್ಲುತ್ತದೆ, ನೀರು ಸುತ್ತ ಹರಡುತ್ತದೆ. ಆ ಬಣ್ಣವಿಲ್ಲದ ಅಂಚಿಗೆ ಸೋಡಾದಲ್ಲಿ ಕರಗಿಸಿದ ರಿಸಾರ್ಸಿನಾಲ್ ಅಥವಾ ಎಚ್-ಆಮ್ಲ ಮುಟ್ಟಿಸಿ. ಎರಡೂ ಸೇರುವಲ್ಲಿ ಬಣ್ಣದ ಗೆರೆ ಮೂಡಿದರೆ ಡಯಜೋ ಇನ್ನೂ ಉಳಿದಿದೆ. ಇನ್ನೊಂದು ಹನಿಯ ಅಂಚಿಗೆ ಡಯಜೋಟೈಸ್ ಮಾಡಿದ ಪ್ಯಾರಾ-ನೈಟ್ರೋಅನಿಲಿನ್ ಮುಟ್ಟಿಸಿದರೆ ಕಪ್ಲರ್ ಉಳಿದಿರುವುದು ತಿಳಿಯುತ್ತದೆ.

ಎರಡು ಮೂರು ಗಂಟೆ ಕಲಕಿದ ಮೇಲೆ ಬೀಕರನ್ನು 40–45° ಸೆ.ಗೆ ಅರ್ಧ ಗಂಟೆ ಬಿಸಿ ಮಾಡಿ. ಲೋಳೆಯಂತಿದ್ದ ಡೈ ಹರಳುಗಟ್ಟುತ್ತದೆ, ಸೋಸುವುದು ಸುಲಭವಾಗುತ್ತದೆ. ಬುಕ್ನರಿನಲ್ಲಿ ಸೋಸಿ, ಉಗುರುಬೆಚ್ಚಗಿನ ನೀರಿನಿಂದ ತೊಳೆದ ನೀರಿನ ಪಿಎಚ್ 6–7ಕ್ಕೆ ಬರುವವರೆಗೆ ತೊಳೆಯಿರಿ. ಬೇರಿಯಂ ಕ್ಲೋರೈಡ್ ಹನಿಗೆ ತೊಳೆದ ನೀರು ಬೆಳ್ಳಗಾಗಬಾರದು. ಲವಣ ಉಳಿದರೆ ಮುಂದೆ ಡೈಯನ್ನು ಅರೆಯುವಾಗ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. 50–60° ಸೆ.ನಲ್ಲಿ ಒಣಗಿಸಿ. ಪೂರ್ಣ ಇಳುವರಿ ಎಂದರೆ 4.71 ಗ್ರಾಂ, ಅಣುತೂಕ 471.5.

ಹಳದಿಗೆ ಪಿರಿಡೋನ್

ಇದು ಹೋಲಿಕೆಯಲ್ಲಿ ಸುಲಭ. ಸಯನೋಅಸಿಟಮೈಡ್ 8.4 ಗ್ರಾಂ, ಇಥೈಲ್ ಅಸಿಟೋಅಸಿಟೇಟ್ 13.0 ಗ್ರಾಂ (ಎರಡೂ 0.1 ಮೋಲ್), ಪೊಟ್ಯಾಸಿಯಂ ಹೈಡ್ರಾಕ್ಸೈಡ್ 6.2 ಗ್ರಾಂ, ಮಿಥನಾಲ್ 100 ಮಿ.ಲೀ.; ಎಂಟು ಗಂಟೆ ರಿಫ್ಲಕ್ಸ್. ಪೊಟ್ಯಾಸಿಯಂ ಲವಣ ಬಿಳಿಯಾಗಿ ಬೀಳುತ್ತದೆ. ತಣಿಸಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿ, ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 1–2ಕ್ಕೆ ಇಳಿಸಿದರೆ 3-ಸಯನೋ-6-ಹೈಡ್ರಾಕ್ಸಿ-4-ಮಿಥೈಲ್-2-ಪಿರಿಡೋನ್ ಹೊರಬೀಳುತ್ತದೆ (ಅಣುತೂಕ 150.1). ಕರಗುವ ಬಿಂದು 300° ಸೆ.ಗಿಂತ ಮೇಲೆ, ಒಡೆಯುತ್ತಲೇ ಕರಗುವುದರಿಂದ ಶುದ್ಧತೆಗೆ ಆ ಸಂಖ್ಯೆಯನ್ನು ನೆಚ್ಚಿಕೊಳ್ಳಲಾಗದು.

ಡಯಜೋ ಕಡೆಗೆ ಇಥೈಲ್ 4-ಅಮೈನೋಬೆಂಜೋಯೇಟ್ 1.65 ಗ್ರಾಂ. 3 ಮಿ.ಲೀ. ಗಟ್ಟಿ ಹೈಡ್ರೋಕ್ಲೋರಿಕ್ ಆಮ್ಲ, 15 ಮಿ.ಲೀ. ನೀರು, 0–5° ಸೆ., ಸೋಡಿಯಂ ನೈಟ್ರೈಟ್ 0.70 ಗ್ರಾಂ 3 ಮಿ.ಲೀ. ನೀರಿನಲ್ಲಿ, ಅರ್ಧ ಗಂಟೆ ಸಾಕು. ಪಿರಿಡೋನ್ 1.50 ಗ್ರಾಂ ಅನ್ನು ಸೋಡಿಯಂ ಹೈಡ್ರಾಕ್ಸೈಡ್ 0.8 ಗ್ರಾಂ ಇರುವ 30 ಮಿ.ಲೀ. ನೀರಿನಲ್ಲಿ ಕರಗಿಸಿ, ಸೋಡಿಯಂ ಕಾರ್ಬೊನೇಟ್ 2 ಗ್ರಾಂ ಸೇರಿಸಿ, ತಂಪು ಮಾಡಿ, ಡಯಜೋ ದ್ರಾವಣವನ್ನು ಅದಕ್ಕೆ ಬಿಡಿ. ಪಿಎಚ್ 7–8ರಲ್ಲಿರಲಿ. ಎರಡು ಗಂಟೆಯ ನಂತರ ಪಿಎಚ್ 5ಕ್ಕೆ ಇಳಿಸಿ ಸೋಸಿ. ಪೂರ್ಣ ಇಳುವರಿ 3.26 ಗ್ರಾಂ.

ಅಜೋ ಡೈ ಎಂದು ಕರೆದರೂ ಇದು ಹೈಡ್ರಜೋನ್ ರೂಪದಲ್ಲೇ ಇರುತ್ತದೆ. ಪ್ರೋಟಾನ್ ಎನ್‌ಎಂಆರ್ (ಪರಮಾಣು ಕಾಂತೀಯ ಅನುರಣನ) ಪರೀಕ್ಷೆಯಲ್ಲಿ 14–15 ಪಿಪಿಎಂ ನಡುವೆ ಕಾಣುವ ಸಂಕೇತ, ಇನ್‌ಫ್ರಾರೆಡ್‌ನಲ್ಲಿ 2220ರ ಹತ್ತಿರ ಸಯನೋ ಗೆರೆ, 1630–1690ರ ನಡುವೆ ಕಾರ್ಬೊನಿಲ್ ಗೆರೆಗಳು ಇದಕ್ಕೆ ಸಾಕ್ಷಿ. ಪಿರಿಡೋನ್ ಸಾರಜನಕದ ಮೇಲೆ ಬರಿ ಹೈಡ್ರೋಜನ್ ಇದ್ದರೆ ಡೈ ಪಾಲಿಯೆಸ್ಟರಿನಲ್ಲಿ ಬಹಳ ಗಾಢವಾಗಿ ಏರುವುದಿಲ್ಲ. ಅಲ್ಲಿ ಇಥೈಲ್ ಅಥವಾ ಬ್ಯುಟೈಲ್ ತಂದರೆ ಚೆನ್ನಾಗಿ ಏರುತ್ತದೆ. ಹೊಸ ಅಣು ಹುಡುಕುವವರಿಗೆ ಇಲ್ಲಿ ಜಾಗವಿದೆ.

ಶುದ್ಧತೆ

ಕೆಂಪು ಡೈಯನ್ನು ಆದಷ್ಟು ಕಡಿಮೆ ಡಿಎಂಎಫ್ (ಡೈಮಿಥೈಲ್ ಫಾರ್ಮಮೈಡ್) ದ್ರಾವಕದಲ್ಲಿ ಬಿಸಿಯಾಗಿ ಕರಗಿಸಿ, ಮಿಥನಾಲ್ ಸೇರಿಸಿ ತಣಿಸಿ ಮರುಹರಳು ಮಾಡಿ. ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ ಬರಬೇಕು. ಕ್ಲೋರೋಫಾರ್ಮ್ ಎನ್‌ಎಂಆರ್‌ನಲ್ಲಿ 3.7 ಪಿಪಿಎಂ ಹತ್ತಿರ ಆರು ಹೈಡ್ರೋಜನ್‌ಗಳ ಒಂಟಿ ಗೆರೆ ಎರಡು ಮಿಥೈಲ್ ಎಸ್ಟರ್‌ಗಳದ್ದು. ಅದು ಆರಕ್ಕಿಂತ ಕಡಿಮೆ ಲೆಕ್ಕ ಕೊಟ್ಟರೆ ಎಲ್ಲೋ ಎಸ್ಟರ್ ಒಡೆದಿದೆ. ಮಾಸ್ ಸ್ಪೆಕ್ಟ್ರಂನಲ್ಲಿ ಪ್ರೋಟಾನ್ ಸೇರಿದ ಅಯಾನು 472ಕ್ಕೆ ಬರಬೇಕು.

ಹೀರಿಕೆ ಗುಣಾಂಕ ಅಳೆಯಲು 2.36 ಮಿ.ಗ್ರಾಂ ಡೈಯನ್ನು 100 ಮಿ.ಲೀ. ಅಸಿಟೋನಿನಲ್ಲಿ ಕರಗಿಸಿ, ಅದರ 20 ಮಿ.ಲೀ.ಯನ್ನು ಮತ್ತೆ 100ಕ್ಕೆ ಏರಿಸಿದರೆ ಲೀಟರಿಗೆ ಒಂದು ಮೋಲಿನ ಲಕ್ಷದಲ್ಲೊಂದು ಭಾಗ ಸಾಂದ್ರತೆ. ಗುಣಾಂಕ 45,000 ಇದ್ದರೆ 1 ಸೆಂ.ಮೀ. ಕೋಶದಲ್ಲಿ ಓದು 0.45. ಮರುಹರಳು ಮಾಡಿದ ಪ್ರತಿ ಸಲವೂ ಈ ಓದು ಏರುತ್ತಲೇ ಇದ್ದರೆ ಡೈ ಇನ್ನೂ ಶುದ್ಧವಾಗಿಲ್ಲ.

ಅರೆಯುವುದು

ಶುದ್ಧ ಹರಳನ್ನು ಹಾಗೇ ಪೇಸ್ಟಿಗೆ ಕಲಸಿದರೆ ಬಟ್ಟೆಯ ಮೇಲೆ ಚುಕ್ಕೆ ಚುಕ್ಕೆ. ಬಹುತೇಕ ಕಣಗಳು 1 ಮೈಕ್ರಾನಿಗಿಂತ ಸಣ್ಣವಾಗಬೇಕು. ಡೈ 1 ಗ್ರಾಂ, ಚದುರಿಸುವ ರಾಸಾಯನಿಕ 1 ಗ್ರಾಂ, ನೀರು 10 ಗ್ರಾಂ, 0.8–1 ಮಿ.ಮೀ. ಜಿರ್ಕೋನಿಯಾ ಮಣಿ 25 ಗ್ರಾಂ. ಸಣ್ಣ ಜಾಡಿಯಲ್ಲಿ ಹಾಕಿ ಶೇಕರಿನಲ್ಲಿ ರಾತ್ರಿಯಿಡೀ ಅರೆಯಿರಿ. ಶೋಧಕ ಕಾಗದದ ಮೇಲೆ ಹನಿ ಬಿಟ್ಟರೆ ಅಂಚಿನವರೆಗೂ ಒಂದೇ ಸಮ ಹರಡಬೇಕು. ನಡುವೆ ಕಪ್ಪು ಬೊಟ್ಟು ನಿಂತರೆ ಇನ್ನೂ ಅರೆಯಬೇಕು.

ಚದುರಿಸುವ ರಾಸಾಯನಿಕವಾಗಿ ಸುಲಭಕ್ಕೆ ಸಿಗುವುದು ಲಿಗ್ನೋಸಲ್ಫೊನೇಟ್. ಈ ಡೈಗಳಿಗೆ ಅದು ಬೇಡ. ಲಿಗ್ನಿನ್ ಬಿಸಿಯಲ್ಲಿ ಅಜೋ ಬಂಧವನ್ನು ಅಪಕರ್ಷಿಸುತ್ತದೆ, ನೈಟ್ರೋ ಹೆಟೆರೋಸೈಕಲ್ ಇರುವ ಡೈಗಳು ಇದಕ್ಕೆ ಬಲು ಬೇಗ ಬಲಿಯಾಗುತ್ತವೆ. ಬಿಳಿ ನೆಲಕ್ಕೆ ಲಿಗ್ನಿನಿನ ಕಂದು ಛಾಯೆಯೂ ಬರುತ್ತದೆ. ನ್ಯಾಫ್ತಲೀನ್ ಸಲ್ಫೊನೇಟ್–ಫಾರ್ಮಲ್ಡಿಹೈಡ್ ಕಂಡೆನ್ಸೇಟ್ ಬಳಸಿ.

ಪೇಸ್ಟ್, ಅಚ್ಚು, ಆವಿ

100 ಗ್ರಾಂ ಪೇಸ್ಟಿಗೆ:

- ಅರೆದ ಡೈ ದ್ರವ 12 ಗ್ರಾಂ (ಶುದ್ಧ ಡೈ ಸುಮಾರು 1 ಗ್ರಾಂ)
- ಕಡಿಮೆ ಸ್ನಿಗ್ಧತೆಯ ಸೋಡಿಯಂ ಆಲ್ಜಿನೇಟಿನ 10% ದ್ರಾವಣ 55 ಗ್ರಾಂ
- ಸೋಡಿಯಂ ಮೆಟಾ-ನೈಟ್ರೋಬೆಂಜೀನ್ ಸಲ್ಫೊನೇಟ್ 1 ಗ್ರಾಂ
- ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ 0.5 ಗ್ರಾಂ
- ಸಿಟ್ರಿಕ್ ಆಮ್ಲ, ಪಿಎಚ್ 5–5.5ಕ್ಕೆ ಬೇಕಾದಷ್ಟು
- ಉಳಿದದ್ದು ಮೆದು ನೀರು

ಹೆಕ್ಸಾಮೆಟಾಫಾಸ್ಫೇಟ್ ಇರುವುದು ನೀರಿನ ಕ್ಯಾಲ್ಸಿಯಂ ಹಿಡಿದಿಡಲು. ಗಡಸು ನೀರು ಸೇರಿದರೆ ಆಲ್ಜಿನೇಟ್ ಗಂಟುಗಂಟಾಗಿ ಸ್ಕ್ರೀನ್ ಕಟ್ಟಿಕೊಳ್ಳುತ್ತದೆ. ಸಿಟ್ರಿಕ್ ಆಮ್ಲವನ್ನು ಕರಗಿಸಿಯೇ ಹಾಕಿ, ಪಿಎಚ್ 4ರ ಕೆಳಗೆ ಹೋದರೆ ಆಲ್ಜಿನಿಕ್ ಆಮ್ಲ ಹೊರಬಿದ್ದು ಪೇಸ್ಟ್ ಒಡೆಯುತ್ತದೆ. ಪಿಎಚ್ 7ರ ಮೇಲೆ ಬಿಟ್ಟರೆ ಆವಿಯಲ್ಲೇ ಎಸ್ಟರ್ ಒಡೆಯಲು ಶುರು. ನೈಟ್ರೋಬೆಂಜೀನ್ ಸಲ್ಫೊನೇಟ್ ಒಂದು ಮೃದು ಆಕ್ಸಿಡೀಕಾರಕ. ಆವಿಯಲ್ಲಿ ಪೇಸ್ಟಿನ ಬೇರೆ ಘಟಕಗಳು ಡೈಯನ್ನು ಅಪಕರ್ಷಿಸದಂತೆ ಕಾಯುತ್ತದೆ. ಅದಿಲ್ಲದ ಅಚ್ಚು ಒಮ್ಮೊಮ್ಮೆ ಆವಿ ಯಂತ್ರದಿಂದ ಕಂದು ತಿರುಗಿ ಹೊರಬರುತ್ತದೆ. ಆಗ ದೋಷವನ್ನು ಡೈ ಮೇಲೆ ಹೊರಿಸುವ ಮುನ್ನ ಪೇಸ್ಟನ್ನು ನೋಡಿ.

ಬಟ್ಟೆ ನೂರಕ್ಕೆ ನೂರು ಪಾಲಿಯೆಸ್ಟರ್ ಇರಲಿ. ಲೀಟರಿಗೆ 2 ಗ್ರಾಂ ನಾನ್‌ಅಯಾನಿಕ್ ಡಿಟರ್ಜೆಂಟ್, 1 ಗ್ರಾಂ ಸೋಡಾ ಇರುವ ನೀರಿನಲ್ಲಿ 60–70° ಸೆ. ಅರ್ಧ ಗಂಟೆ ಕುದಿಸದೆ ತೊಳೆದು, 180–190° ಸೆ. ಬಿಸಿಗೆ ಅರ್ಧ ನಿಮಿಷ ಹೀಟ್ ಸೆಟ್ ಮಾಡಿ. ನೇಯ್ಗೆಯ ಎಣ್ಣೆ ಉಳಿದಲ್ಲಿ ಪೇಸ್ಟ್ ಹಿಡಿಯುವುದಿಲ್ಲ. ಅಚ್ಚು ಹಾಕಿ 80–100° ಸೆ.ನಲ್ಲಿ ಪೂರ್ತಿ ಒಣಗಿಸಿ; ಹಸಿ ಅಚ್ಚು ಆವಿಗೆ ಹೋದರೆ ಅಂಚು ಹರಿಯುತ್ತದೆ.

471 ಅಣುತೂಕದ ಈ ಡೈಗೆ 175–180° ಸೆ. ಅತಿಬಿಸಿ ಆವಿ 7–8 ನಿಮಿಷ ಸೂಕ್ತ. ಒಣ ಬಿಸಿಯಾದರೆ 200–210° ಸೆ. ಒಂದು ನಿಮಿಷ. ಎರಡೂ ಇಲ್ಲದಿದ್ದರೆ ಆಟೋಕ್ಲೇವಿನಲ್ಲಿ ಸುಮಾರು 128° ಸೆ., ಅಂದರೆ 1.5 ಬಾರ್ ಒತ್ತಡದ ಆವಿ, ಅರ್ಧ ಗಂಟೆ. ಬಟ್ಟೆಯ ಮೇಲೆ ನೀರ ಹನಿ ಬೀಳದಂತೆ ದಪ್ಪ ಹತ್ತಿ ಬಟ್ಟೆಯಲ್ಲಿ ಸುತ್ತಿ. ಅಸಿಟೇಟ್ ಮತ್ತು ನೈಲಾನ್ ಬಟ್ಟೆಗೆ 100–102° ಸೆ. ಸಾಧಾರಣ ಆವಿ 20–30 ನಿಮಿಷ ಸಾಕು. ಆದರೆ ಅಸಿಟೇಟಿಗೆ ಮುಂದೆ ಹೇಳುವ ಕ್ಷಾರದ ತೊಳೆತ ಹೊಂದದು, ನೂಲೇ ಒಡೆಯುತ್ತದೆ.

ತೊಳೆಯುವುದು

ಮೊದಲು ತಣ್ಣೀರು, ಅದೂ ಧಾರಾಳವಾಗಿ ಹರಿಯುವ ನೀರು. ಆಲ್ಜಿನೇಟ್ ಮತ್ತು ಅಂಟದ ಡೈ ಬಹುಪಾಲು ಇಲ್ಲೇ ಹೋಗಬೇಕು. ನೇರವಾಗಿ ಬಿಸಿನೀರಿಗೆ ಇಳಿಸಿದರೆ ತೇಲುವ ಡೈ ಬಿಳಿ ನೆಲಕ್ಕೆ ಕೂರುತ್ತದೆ, ಆಮೇಲೆ ಏನು ಮಾಡಿದರೂ ಪೂರ್ತಿ ಬಿಡುವುದಿಲ್ಲ.

ಹಳದಿಗೆ ಮಾಮೂಲು ಅಪಕರ್ಷಕ ತೊಳೆತ: ಲೀಟರಿಗೆ ಸೋಡಿಯಂ ಹೈಡ್ರಾಕ್ಸೈಡ್ 2 ಗ್ರಾಂ, ಸೋಡಿಯಂ ಡೈಥಯೋನೈಟ್ 2 ಗ್ರಾಂ, ಡಿಟರ್ಜೆಂಟ್ 1 ಗ್ರಾಂ, 70–80° ಸೆ., 20 ನಿಮಿಷ. ಕೆಂಪು ಡೈಎಸ್ಟರಿಗೆ ಡೈಥಯೋನೈಟ್ ಬೇಕಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ 1–2 ಗ್ರಾಂ, ಡಿಟರ್ಜೆಂಟ್ 1 ಗ್ರಾಂ, ಅದೇ ಬಿಸಿ, 10–15 ನಿಮಿಷ. ತೊಟ್ಟಿಯ ನೀರು ಕೆಂಪಾಗಿಯೇ ಇರುತ್ತದೆ, ಬಿಳಿ ನೆಲ ಬಿಳಿಯಾಗಿರುತ್ತದೆ. ಡೈಥಯೋನೈಟ್ ಬಳಸಿದಾಗ ನೀರಿನ ಬಣ್ಣವೂ ಹೋಗುವುದರಿಂದ ಎಲ್ಲ ಸ್ವಚ್ಛವಾದಂತೆ ಕಾಣುತ್ತದೆ, ಆದರೆ ಒಡೆದ ಅಮೈನ್‌ಗಳೂ ಸಲ್ಫರ್ ಲವಣಗಳೂ ತ್ಯಾಜ್ಯನೀರಿಗೆ ಸೇರಿರುತ್ತವೆ. ಎರಡೂ ಬಗೆಯ ನೀರನ್ನು, ಕಪ್ಲರ್ ತೊಳೆದ ತಾಮ್ರದ ನೀರನ್ನೂ, ಬೇರೆಬೇರೆ ಡಬ್ಬಿಗಳಲ್ಲಿ ಸಂಗ್ರಹಿಸಿ ತ್ಯಾಜ್ಯ ಸಂಸ್ಕರಣೆಗೆ ಕೊಡಿ, ಸಿಂಕಿಗೆ ಬಿಡಬೇಡಿ. ಕೊನೆಗೆ ತೆಳು ಅಸಿಟಿಕ್ ಆಮ್ಲದಿಂದ ಬಟ್ಟೆಯ ಕ್ಷಾರ ತೆಗೆಯಿರಿ.

ಅಳೆದು ನೋಡುವುದು

ಆವಿ ಆದ ಬಟ್ಟೆಯನ್ನು ಎರಡು ತುಂಡು ಮಾಡಿ. ಒಂದನ್ನು ತಣ್ಣನೆಯ ಅಸಿಟೋನಿನಲ್ಲಿ ಒಂದೆರಡು ನಿಮಿಷ ಅದ್ದಿದರೆ ಮೇಲ್ಮೈಯ ಡೈ ಮಾತ್ರ ಬಿಡುತ್ತದೆ. ಅದನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಅಳೆದರೆ ಎಷ್ಟು ಒಳಗೆ ಹೋಗಲಿಲ್ಲ ಎಂಬ ಲೆಕ್ಕ ಸಿಗುತ್ತದೆ. ಇನ್ನೊಂದನ್ನು ತೊಳೆದು, ಪ್ರತಿಫಲನದಿಂದ ಕುಬೆಲ್ಕಾ–ಮಂಕ್ ಮೌಲ್ಯ, ಅಂದರೆ ಬಟ್ಟೆಯ ಬಣ್ಣದ ಗಾಢತೆಯ ಅಳತೆ, ತೆಗೆಯಿರಿ. ಪೇಸ್ಟಿನಲ್ಲಿ 0.25, 0.5, 1, 2, 3 ಶೇಕಡಾ ಡೈ ಹಾಕಿ ಐದು ಅಚ್ಚು ಮಾಡಿ ಗೆರೆ ಎಳೆದರೆ ಡೈ ಎಲ್ಲಿ ತುಂಬಿಹೋಗುತ್ತದೆ ಎಂದು ತಿಳಿಯುತ್ತದೆ. 1%ರಲ್ಲೇ ಗೆರೆ ಅಡ್ಡವಾದರೆ ಗಾಢ ಅಚ್ಚಿಗೆ ಆ ಡೈ ನಿಷ್ಪ್ರಯೋಜಕ, ತಿಳಿ ಛಾಯೆಗೆ ಇಟ್ಟುಕೊಳ್ಳಬಹುದು.

ಬಿಳಿ ನೆಲವನ್ನೂ ಅದೇ ಉಪಕರಣದಲ್ಲಿ ಅಳೆಯಿರಿ. ಅಚ್ಚಿಲ್ಲದ ಅದೇ ಬಟ್ಟೆಯನ್ನು ಅದೇ ತೊಟ್ಟಿಯಲ್ಲಿ ತೊಳೆದು ಪಕ್ಕಕ್ಕಿಟ್ಟು ಹೋಲಿಸಬೇಕು. ಕಣ್ಣಿಗೆ ಬಿಳಿ ಎನಿಸಿದ ನೆಲ ಉಪಕರಣದಲ್ಲಿ ಗುಲಾಬಿ ಎನ್ನುವುದುಂಟು.

ಬಾಳಿಕೆಗೆ ಐಎಸ್‌ಒ 105 ಸಾಲಿನ ಪರೀಕ್ಷೆಗಳಿವೆ: ಒಗೆತಕ್ಕೆ ಸಿ06, ಉಜ್ಜುವಿಕೆಗೆ ಎಕ್ಸ್12, ಬೆವರಿಗೆ ಇ04, ಒಣ ಬಿಸಿಗೆ ಪಿ01, ಬೆಳಕಿಗೆ ಬಿ02. ಮೊದಲ ನಾಲ್ಕಕ್ಕೆ 1ರಿಂದ 5ರ ಬೂದು ಅಳತೆ, ಬೆಳಕಿಗೆ 1ರಿಂದ 8ರ ನೀಲಿ ಉಣ್ಣೆಯ ಅಳತೆ. ಒಗೆತದ ಪರೀಕ್ಷೆಯಲ್ಲಿ ಜೊತೆಗಿಡುವ ಬಹುನೂಲಿನ ಪಟ್ಟಿಯಲ್ಲಿ ನೈಲಾನ್ ಮತ್ತು ಅಸಿಟೇಟ್ ತುಂಡುಗಳನ್ನೇ ಮೊದಲು ನೋಡಿ, ಡಿಸ್ಪರ್ಸ್ ಡೈ ಓಡಿಹೋಗುವುದು ಅಲ್ಲಿಗೆ.

ಫಲಿತಾಂಶ ನೋಡಿ ಮುಂದಿನ ಅಣು ಬರೆಯಿರಿ. ಒಣ ಬಿಸಿಯಲ್ಲಿ 180° ಸೆ.ಗೆ ದರ್ಜೆ 3ಕ್ಕಿಂತ ಕೆಳಗೆ ಬಂದರೆ ಎಸ್ಟರ್ ಬಾಲವನ್ನು ಮಿಥೈಲಿನಿಂದ ಇಥೈಲಿಗೆ ಉದ್ದ ಮಾಡಿ, ಆದರೆ ಉದ್ದವಾದಷ್ಟೂ ಕ್ಷಾರದಲ್ಲಿ ಒಡೆಯುವುದು ನಿಧಾನವಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಬೆಳಕಿಗೆ ಸೋತರೆ ಒಂದು ಎಸ್ಟರ್ ಬಾಲದ ಬದಲು ಸಯನೋಇಥೈಲ್ ತನ್ನಿ. ಬಣ್ಣ ಸ್ವಲ್ಪ ಕಿತ್ತಳೆಯ ಕಡೆ ವಾಲುತ್ತದೆ. ಇನ್ನಷ್ಟು ನೀಲಿಗೆಂಪು ಬೇಕಿದ್ದರೆ ಅನಿಲಿನ್ ಬದಲು ಮೆಟಾ-ಟೊಲುಯಿಡಿನಿನಿಂದ ಕಪ್ಲರ್ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪೇಸ್ಟ್, ಬಟ್ಟೆ, ಆವಿಯ ನಿಮಿಷ ಯಾವುದನ್ನೂ ಅಲುಗಿಸಬೇಡಿ. ಪ್ರತಿ ಸಾಲಿನಲ್ಲೂ ಡಿಸ್ಪರ್ಸ್ ರೆಡ್ 177ರ ಒಂದು ಅಚ್ಚನ್ನು ಜೊತೆಗಿಟ್ಟು ತೊಳೆಯಿರಿ.